ದೌತಿಯ ವ್ಯುತ್ಪತ್ತಿ

ದೌತಿ ಎಂಬ ಪದ ಒಂದು ದಿನ ತನ್ನ ಮೇಜಿಗೆ ಬಂದೇ ಬರುತ್ತದೆ ಎಂದು ಅವಳಿಗೆ ಎರಡು ತಿಂಗಳಿಂದ ಗೊತ್ತಿತ್ತು. ನಿಘಂಟಿನ ಕೆಲಸದಲ್ಲಿ ಇದೊಂದು ಕಷ್ಟ. ಬರುವುದು ಯಾವತ್ತು ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಬಹುದು. ಅಕ್ಷರಮಾಲೆಗೆ ಯಾರ ಮೇಲೂ ಕಕ್ಕುಲಾತಿಯಿಲ್ಲ. ಹೊಸ ಆವೃತ್ತಿಗೆಂದು ದಕಾರ ಹಿಡಿದ ದಿನದಿಂದ ಅವಳು ಊಟದ ತಟ್ಟೆಯ ಮುಂದೆಯೂ ಎಣಿಸುತ್ತಿದ್ದಳು. ದೇ ಮುಗಿಯಿತು, ದೈ ಮುಗಿಯಿತು. ದೊಡ್ಡ ಎಂಬ ಒಂದೇ ಪದ ನಾಲ್ಕು ದಿನ ತಿಂದಾಗ ಕಚೇರಿಯಲ್ಲಿ ಎಲ್ಲರೂ ಗೊಣಗಿದರು, ಇವಳಿಗೆ ಒಳಗೊಳಗೇ ಹಾಯೆನಿಸಿತು. ಈ ಬೆಳಿಗ್ಗೆ ಮೇಜಿನ ಮೇಲೆ ದೌ ಎಂದು ಬರೆದ ಚೀಟಿಗಳ ಕಟ್ಟು ಕೂತಿತ್ತು. ತೀರ ತೆಳ್ಳಗಿನ ಕಟ್ಟು. ದೌಡು, ದೌತಿ, ಆಮೇಲೆ ದೌರ್ಜನ್ಯ, ದೌರ್ಬಲ್ಯ, ದೌರ್ಭಾಗ್ಯ, ದೌಲತ್ತು. ಯಾರೋ ಬೇಕೆಂದೇ ಜೋಡಿಸಿಟ್ಟ ಹಾಗೆ. ದೌಡು ಎಂಬುದಕ್ಕೆ ಹತ್ತು ನಿಮಿಷ ಸಾಕು. ಅವಳು ಒಂದೂವರೆ ಗಂಟೆ ತೆಗೆದುಕೊಂಡಳು. ಓಡುವ ಪದದ ಮೇಲೆ ಇಷ್ಟು ಹೊತ್ತು ಕುಂಟಿದವರು ಈ ಕಚೇರಿಯ ಚರಿತ್ರೆಯಲ್ಲೇ ಇರಲಿಕ್ಕಿಲ್ಲ ಎಂದುಕೊಂಡು, ನಗು ಬಾರದೆ, ಕನ್ನಡಕ ಒರೆಸಿಕೊಂಡಳು.

ದೌತಿ ಎಂದರೆ ಮಸಿ ಕುಡಿಕೆ. ಲೇಖನಿ ಅದ್ದಿ ಬರೆಯುತ್ತಿದ್ದ ಕಾಲದ್ದು. ವಸ್ತುವೂ ಹೋಯಿತು, ಹೆಸರೂ ಹೋಯಿತು; ಈಗ ಯಾರೂ ಆ ಮಾತು ಆಡುವುದಿಲ್ಲ, ಸತ್ತವರ ಪಟ್ಟಿಯಲ್ಲಿ ಬಿಟ್ಟುಹೋಗಬಾರದೆಂದು ನಿಘಂಟಿನಲ್ಲಿ ಇಟ್ಟುಕೊಂಡಿದ್ದಾರೆ ಅಷ್ಟೇ. ಇಂಥ ಎರಡಕ್ಷರದ ಪದ ಒಂದು ಮನೆಯ ಹತ್ತೊಂಬತ್ತು ವರ್ಷ ನುಂಗಿ ನೀರು ಕುಡಿದಿದೆ ಎಂದರೆ ಯಾರು ನಂಬುತ್ತಾರೆ. ಅವಳು ಹಳೆಯ ಆವೃತ್ತಿಯನ್ನು ತೆಗೆದಳು. ಪುಟ ಹುಡುಕಬೇಕಾಗಿರಲಿಲ್ಲ, ಬೆರಳಿಗೇ ಗೊತ್ತಿತ್ತು. ‘ದೌತಿ: ಮಸಿಯ ಪಾತ್ರೆ. ದ್ಯುತಿ (ಬೆಳಕು) ಎಂಬುದರಿಂದ. ಜ್ಞಾನದ ಬೆಳಕು ಹೊರಡುವ ಸ್ಥಾನ.’ ಬರೆದವರು ಹಿರಿಯರು. ಪ್ರಧಾನ ಸಂಪಾದಕರಾಗಿದ್ದ ಅವರನ್ನು ಕಚೇರಿಯಲ್ಲಿ ಎಲ್ಲರೂ ಹಿರಿಯರು ಎಂದೇ ಕರೆಯುತ್ತಿದ್ದದ್ದು. ಸತ್ತು ಮೂರು ವರ್ಷವಾಯಿತು. ಸಭೆಯ ಕೋಣೆಯ ಗೋಡೆಯ ಮೇಲೆ ಆಳೆತ್ತರದ ಫೋಟೋ ಆಗಿ ಇನ್ನೂ ಅಧ್ಯಕ್ಷತೆ ವಹಿಸುತ್ತಿದ್ದಾರೆ. ಎಲ್ಲಿ ಭಾಷಣಕ್ಕೆ ಹೋದರೂ ಅವರು ದೌತಿಯನ್ನು ಜೇಬಿನಿಂದ ತೆಗೆದಂತೆ ತೆಗೆಯುತ್ತಿದ್ದರು. ‘ನೋಡಿ, ಒಳಗೆ ಇರೋದು ಕಪ್ಪು. ಹೊರಗೆ ಬರೋದು ಬೆಳಕು. ನಮ್ಮ ಹಿಂದಿನವರು ಹೆಸರಿಡೋವಾಗ ಇಷ್ಟು ಯೋಚನೆ ಮಾಡಿದ್ರು.’ ಚಪ್ಪಾಳೆ ಬೀಳುತ್ತಿತ್ತು. ಅಷ್ಟು ಚಂದದ ಮಾತು ಸುಳ್ಳಾಗಿರಲಿಕ್ಕೆ ಸಾಧ್ಯವೇ ಇಲ್ಲ ಎಂದು ಅವಳಿಗೂ ಒಂದು ಕಾಲದಲ್ಲಿ ಅನ್ನಿಸಿತ್ತು.

ಸುಳ್ಳು ಎಂದು ಹೇಳಿದವರು ಹಳೆಯ ನ್ಯಾಯಾಲಯದ ಮೆಟ್ಟಿಲ ಕೆಳಗೆ ಮುರುಕು ಮೇಜು ಹಾಕಿಕೊಂಡು ಕೂರುತ್ತಿದ್ದ ಅರ್ಜಿ ಬರೆಯುವ ಮುದುಕರು. ಆಗ ಅವಳು ಕೆಲಸಕ್ಕೆ ಸೇರಿ ಒಂದು ವರ್ಷ. ಗಂಡ ಅದೇ ಕಚೇರಿಗೆ ಅವಳಿಗಿಂತ ಆರು ವರ್ಷ ಮೊದಲು ಸೇರಿದವನು. ಬಳಕೆ ತಪ್ಪಿದ ಪದಗಳನ್ನು ಹುಡುಕಿಕೊಂಡು ಬಾ ಎಂದು ಅವಳನ್ನು ಬೀದಿಗೆ ಅಟ್ಟುತ್ತಿದ್ದರು, ಚಪ್ಪಲಿ ಸವೆಸುವ ಕೆಲಸ ಹೊಸಬರದು ಎಂಬ ನಿಯಮ. ಮುದುಕರು ಬರೆಯುತ್ತಿದ್ದ ಅರ್ಜಿಯಿಂದ ತಲೆ ಎತ್ತದೆಯೇ ಕೇಳಿದ್ದರು, ‘ಬೆಳಕಾ? ಯಾರಮ್ಮ ಹೇಳಿದ್ದು? ನಮ್ಮಜ್ಜ ದವಾತ್ ಅಂತಿದ್ದ. ಅರಬ್ಬೀ ಮಾತು. ಪಾರಸಿ ಬರೆಯೋರ ಜೊತೆ ಇಲ್ಲಿಗೆ ಬಂತು. ಕಾಗದ, ಕಲಮು, ದಸ್ಕತ್ತು, ದೌತಿ, ಎಲ್ಲ ಒಂದೇ ಗಾಡೀಲಿ ಬಂದಿಳಿದ ಸಾಮಾನು. ಗಾಡಿ ಹೊಡ್ಕೊಂಡು ಬಂದೋನನ್ನ ಮರೆತು ಸಾಮಾನು ಮಾತ್ರ ನಮ್ಮದು ಅಂದ್ರೆ ಹೇಗೆ?’ ಹೇಳಿ, ತಮ್ಮ ಹಳೆಯ ಟ್ರಂಕಿನಿಂದ ಅಜ್ಜನ ಕಾಲದ ಒಂದು ಪತ್ರ ತೆಗೆದು ತೋರಿಸಿದ್ದರು. ಅದರಲ್ಲಿ ‘ದವಾತಿ’ ಎಂದೇ ಬರೆದಿತ್ತು. ವ ಎಂಬ ಅಕ್ಷರ ಇನ್ನೂ ಕರಗಿಹೋಗಿರಲಿಲ್ಲ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ಚೀಟಿಯಲ್ಲಿ ನಕಲು ಮಾಡಿಕೊಂಡಳು. ಕೈ ನಡುಗುತ್ತಿತ್ತು. ಯಾರೂ ನೋಡದ್ದನ್ನು ಮೊದಲು ನೋಡಿದವಳು ತಾನು ಎಂಬ ಆ ನಡುಕ ಆಮೇಲೆ ಅವಳ ಬದುಕಿನಲ್ಲಿ ಮತ್ತೆ ಬರಲಿಲ್ಲ. ಮದುವೆಯಲ್ಲಿ ಕೂಡ ಅಷ್ಟು ನಡುಗಿರಲಿಲ್ಲ.

ಆ ಸಂಜೆ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತ ಗಂಡನಿಗೆ ಹೇಳಿದಳು. ಅವನು ಕ್ಲಿಪ್ಪುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತ ಕೇಳಿಸಿಕೊಂಡ. ‘ಹೂಂ’ ಎಂದ. ‘ಹಿರಿಯರ ಮುಂದೆ ನಾನು ಹೆಂಗೆ ಹೇಳೋದು?’ ಎಂದು ಇವಳು ಕೇಳಿದ್ದಕ್ಕೆ, ‘ನೋಡೋಣ ಬಿಡು’ ಎಂದ. ಅಷ್ಟೇ ಆದದ್ದು. ಮಾರನೆಯ ದಿನ ಸಭೆಯಲ್ಲಿ ಹಿರಿಯರು ದೌತಿಯ ಬೆಳಕನ್ನು ಓದಿ ಮುಗಿಸುತ್ತಿದ್ದಂತೆ ಅವನು ಎದ್ದು ನಿಂತ. ಒಳ್ಳೆಯ ಎತ್ತರ, ಒಳ್ಳೆಯ ಗಂಟಲು. ‘ಸಾರ್, ನಾನು ಪತ್ತೆ ಮಾಡಿರೋ ಪ್ರಕಾರ ಇದು ಅರಬ್ಬೀ ಮೂಲದ್ದು,’ ಎಂದ. ನಾನು. ಇವಳು ತೊಡೆಯ ಮೇಲೆ ದಪ್ಪ ರಿಜಿಸ್ಟರು ಇಟ್ಟುಕೊಂಡು ಕೊನೆಯ ಕುರ್ಚಿಯಲ್ಲಿ ಕೂತಿದ್ದಳು. ಚೀಟಿ ಆ ರಿಜಿಸ್ಟರಿನೊಳಗೆ, ಅಂಗೈ ಅಡಿಯಲ್ಲಿ ಇತ್ತು. ಹಿರಿಯರು ಕೋಪಿಸಿಕೊಳ್ಳಲಿಲ್ಲ. ಅವರು ಕೋಪಿಸಿಕೊಳ್ಳುವ ಜಾತಿಯವರೇ ಅಲ್ಲ, ನಗಿಸುವವರು. ‘ಆಧಾರ?’ ಎಂದರು. ಗಂಡ ಇವಳ ಕಡೆ ತಿರುಗಿದ. ತಿರುಗಿದ ರೀತಿಯಲ್ಲಿ ಬೇಡಿಕೆ ಇರಲಿಲ್ಲ. ಅಂಗಡಿಯವನು ಕೆಲಸದವರಿಗೆ ಆ ಡಬ್ಬಿ ಕೊಡು ಎಂದು ಕೈ ಚಾಚುವ ಹಾಗೆ ಇತ್ತು. ಒಂದು ನಿಮಿಷ ಬೆವರಲಿ, ಆಮೇಲೆ ತೆಗೆಯೋಣ ಎಂದುಕೊಂಡಳು. ಇದನ್ನು ಅವಳು ಎಷ್ಟು ಸಲ ತಿರುಗಾಮುರುಗಾ ಮಾಡಿ ನೋಡಿದ್ದಾಳೆ. ಎಷ್ಟು ಸಲ ನೋಡಿದರೂ ಇಷ್ಟೇ ಇದೆ. ಒಂದೇ ಒಂದು ನಿಮಿಷ. ‘ನೀನೇನಮ್ಮ ಹೇಳ್ತೀಯ? ಗಂಡಹೆಂಡತಿ ಸೇರಿ ಹುಡುಕಿದ್ರೇನು?’ ಎಂದು ಹಿರಿಯರು ಕೇಳಿದರು. ‘ನಂಗೆ ಗೊತ್ತಿಲ್ಲ ಸಾರ್,’ ಎಂದು ಅವಳ ಬಾಯಿ ಹೇಳಿತು. ಆ ನಿಮಿಷ ಮುಗಿಯುವ ಮೊದಲೇ ಹಿರಿಯರು ಗಂಡನ ಅಂಗಿಯ ಜೇಬಿನ ಕಡೆ ಬೆರಳು ತೋರಿಸಿದ್ದರು. ಪೆನ್ನು ಸೋರಿ ಅಲ್ಲಿ ಅಂಗೈಯಗಲ ನೀಲಿ ಹರಡಿತ್ತು. ‘ಬಾಯಿಗೆ ಬಂದದ್ದೆಲ್ಲ ವ್ಯುತ್ಪತ್ತಿ ಅಲ್ಲಪ್ಪ. ದೌತೀನ ಎದೆ ಮೇಲೇ ಹೊತ್ಕೊಂಡು ಬಂದಿದ್ದೀಯ, ಮೊದಲು ಅದನ್ನ ಒರೆಸ್ಕೋ.’ ಹದಿನಾಲ್ಕು ಜನ ನಕ್ಕರು. ಅವನು ಕರವಸ್ತ್ರ ತೆಗೆದು ಉಜ್ಜಿದ. ಉಜ್ಜಿದಷ್ಟೂ ಕಲೆ ಹರಡಿತು. ನಗು ನಿಲ್ಲುವವರೆಗೆ ಉಜ್ಜುತ್ತಲೇ ಇದ್ದ. ಆಗಲೂ ತೆಗೆಯಬಹುದಿತ್ತು. ಆದರೆ ಈಗ ತೆಗೆದರೆ ಇಷ್ಟು ಹೊತ್ತು ಯಾಕೆ ತೆಗೆಯಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಅದು ಹಾಗೇ ಬೆಳೆಯುತ್ತ ಹೋಯಿತು, ಬಡ್ಡಿಯ ಹಾಗೆ. ಚೀಟಿ ಮನೆಯಲ್ಲೇ ಬಿಟ್ಟು ಬಂದಿದ್ದೆ, ಈಗ ಹುಡುಕಿದರೆ ಸಿಗುತ್ತಿಲ್ಲ ಎಂದು ಆ ರಾತ್ರಿ ಗಂಡನಿಗೆ ಹೇಳಿದಳು. ಅವನು ಅದೇ ವಾರ ರಾಜೀನಾಮೆ ಬರೆದ. ಬಂದು ಕರೆಯುತ್ತಾರೆ ಎಂದುಕೊಂಡಿದ್ದ. ಯಾರೂ ಕರೆಯಲಿಲ್ಲ. ಚೀಟಿಯನ್ನು ಅವಳು ಹರಿಯಲಿಲ್ಲ, ಸುಡಲಿಲ್ಲ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಹೋಗಿ ಚೀಟಿಗಳ ಬೀರುವಿನಲ್ಲಿ ಅದರ ಸರಿಯಾದ ಜಾಗಕ್ಕೆ ಸೇರಿಸಿ ಬಂದಳು. ಬಚ್ಚಿಡಲಿಕ್ಕೆ ಅದಕ್ಕಿಂತ ಭದ್ರವಾದ ಜಾಗ ಇನ್ನೊಂದಿರಲಿಲ್ಲ.

ಈಗ ಅದು ಅವಳ ಮುಂದಿದೆ. ಅವಳದೇ ಅಕ್ಷರ, ಆಗಿನ ದುಂಡನೆಯ, ಯಾರನ್ನೋ ಮೆಚ್ಚಿಸಬೇಕೆಂಬ ಅಕ್ಷರ. ಹೊಸ ನಮೂದು ಬರೆಯಲು ಎರಡು ನಿಮಿಷವೂ ಹಿಡಿಯಲಿಲ್ಲ. ‘ದೌತಿ: ಮಸಿಯ ಕುಡಿಕೆ. ಅರಬ್ಬೀ ದವಾತ್, ಪಾರಸಿಯ ಮೂಲಕ.’ ಯಾರಾದರೂ ತಕರಾರು ತೆಗೆದರೆ ಇರಲಿ ಎಂದು ಆ ಪತ್ರದ ನಕಲಿನ ಒಂಬತ್ತು ಪ್ರತಿ ಮಾಡಿಸಿದಳು, ಬೇರೆ ನಿಘಂಟುಗಳ ಪುಟಗಳನ್ನೂ ಸೇರಿಸಿ ಪಿನ್ನು ಹೊಡೆದಳು. ತಕರಾರು ಬರಲಿ ಎಂದು ಅವಳಿಗೆ ಆಸೆಯಿತ್ತು. ಯಾರಾದರೂ ಹಿರಿಯರ ಪರವಾಗಿ ಎದ್ದು ಮೇಜು ಗುದ್ದಬೇಕು, ಆಧಾರ ಎಂದು ಕೇಳಬೇಕು, ಇವಳು ಎದ್ದು ನಿಲ್ಲಬೇಕು. ಊಟದ ಹೊತ್ತಿನಲ್ಲಿ ಕೈ ತೊಳೆಯುವ ತೊಟ್ಟಿಯ ಮೇಲಿನ ಕನ್ನಡಿಯಲ್ಲಿ ತುಟಿ ಅಲುಗುತ್ತಿದ್ದದ್ದನ್ನು ಟೈಪಿಸ್ಟ್ ನೋಡಿ, ‘ಮೇಡಂ, ಹುಷಾರಾಗಿದ್ದೀರ ತಾನೆ?’ ಎಂದು ಕೇಳಿದಳು. ‘ಪಾಠ ಒಪ್ಪಿಸ್ತಿದ್ದೀನಮ್ಮ,’ ಎಂದಳು.

ಮೂರು ಗಂಟೆಗೆ ಸಭೆ. ಹೊಸ ಸಂಪಾದಕರಿಗೆ ನಲವತ್ತೂ ತುಂಬಿಲ್ಲ. ಮರ್ಯಾದಸ್ಥ, ಯಾರು ಮಾತಾಡಿದರೂ ತಲೆಯಾಡಿಸುತ್ತ ಮೇಜಿನ ಕೆಳಗೆ ಫೋನು ನೋಡುವವರು. ‘ದೌಡು, ಸರಿ. ದೌತಿ. ಅರಬ್ಬೀ, ಪಾರಸಿ ಮೂಲಕ. ಸರಿ. ದೌರ್ಜನ್ಯ...’ ಎಂದು ಓದುತ್ತ ಹೋದರು. ಅವಳು, ‘ಸಾರ್, ಒಂದು ನಿಮಿಷ. ದೌತಿಗೆ ಹಿಂದಿನ ಆವೃತ್ತೀಲಿ ಬೇರೆ ಥರ ಇತ್ತು,’ ಎಂದಳು. ‘ಹೌದಾ? ಏನಿತ್ತು?’ ‘ದ್ಯುತಿ ಅನ್ನೋದರಿಂದ ಅಂತ ಇತ್ತು. ಬೆಳಕು.’ ಸಂಪಾದಕರು ಮೊದಲ ಬಾರಿಗೆ ಫೋನಿನಿಂದ ತಲೆ ಎತ್ತಿ ನಕ್ಕರು. ‘ಯಾರಪ್ಪಾ ಅದು ಬರೆದೋರು?’ ಎಂದರು. ಅವರ ಬೆನ್ನ ಹಿಂದೆಯೇ ಹಿರಿಯರು ಶಾಲು ಹೊದ್ದು ನಿಂತಿದ್ದರು. ಸಂಸ್ಕೃತದ ಮೇಷ್ಟ್ರು, ಹತ್ತೊಂಬತ್ತು ವರ್ಷದ ಹಿಂದೆ ನಕ್ಕ ಹದಿನಾಲ್ಕು ಜನರಲ್ಲಿ ಉಳಿದಿರುವ ಒಬ್ಬರು, ‘ಅದೊಂದು ಕಾಲ ಬಿಡಿ. ದೌತಿ ಅರಬ್ಬೀ ಅನ್ನೋದು ಯಾರಿಗೆ ಗೊತ್ತಿರಲಿಲ್ಲ? ಆದ್ರೆ ಅವರ ಮುಂದೆ ಹೇಳೋರು ಯಾರು,’ ಎಂದು ಚಹಾದ ಲೋಟ ಕೆಳಗಿಟ್ಟರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ನಕ್ಕ ಮೇಲೆ ಗೊತ್ತಾಯಿತು, ನಕ್ಕೆ ಎಂದು. ‘ದೌರ್ಜನ್ಯಕ್ಕೆ ಬರೋಣ,’ ಎಂದರು ಸಂಪಾದಕರು. ಒಂಬತ್ತು ಪ್ರತಿಗಳು ಒಂಬತ್ತೂ ಅವಳ ಮುಂದೆಯೇ ಉಳಿದವು. ಯಾರಿಗೆ ಗೊತ್ತಿರಲಿಲ್ಲ ಎಂಬ ಮಾತು ಕಿವಿಯಲ್ಲಿ ಕಡ್ಡಿಯಾಡಿಸಿದಂತೆ ಆಡುತ್ತಿತ್ತು. ಹಾಗಾದರೆ ಎಲ್ಲರಿಗೂ ಗೊತ್ತಿತ್ತು. ಅವನು ಉಜ್ಜಿಕೊಳ್ಳುತ್ತಿದ್ದಾಗ ನಕ್ಕವರಿಗೂ ಗೊತ್ತಿತ್ತು. ಆ ಮೆಟ್ಟಿಲ ಮೇಲಿನ ನಡುಕ, ಯಾರೂ ನೋಡದ್ದನ್ನು ನೋಡಿದೆ ಎಂಬ ಅದೊಂದು ಆಸ್ತಿ ಇತ್ತಲ್ಲ, ಅದೂ ಇವತ್ತು ಸಂತೆಯ ಸಾಮಾನಾಯಿತು.

ಮನೆಗೆ ನಡೆದೇ ಹೋದಳು. ಬೀದಿಯ ಒಂದು ಬದಿಯನ್ನು ಪೈಪು ಹಾಕಲು ಅಗೆದಿದ್ದರು. ಜನ ಹಲಗೆಯ ಮೇಲೆ ಒಬ್ಬರ ಹಿಂದೊಬ್ಬರು ಹೋಗಬೇಕಿತ್ತು, ಎದುರಿನಿಂದ ಬರುವವರಿಗೆ ದಾರಿ ಬಿಡಲು ನಿಂತು ನಿಂತು. ಹೇಳಬೇಕೋ ಬೇಡವೋ ಎಂದು ಅವಳು ಪ್ರತಿ ಸಲ ನಿಂತಾಗಲೂ ಕೇಳಿಕೊಂಡಳು. ಮನೆಯಲ್ಲಿ ದೌತಿ ಎಂಬ ಪದ ಒಂದು ದೇವರ ಹಾಗೆ. ಹೆಸರೆತ್ತುವ ಹಕ್ಕು ಗಂಡನಿಗೆ ಮತ್ತು ಅತ್ತೆಗೆ ಮಾತ್ರ. ಯಾರೇ ಬರಲಿ, ಅತ್ತೆ ಶುರುಮಾಡುತ್ತಿದ್ದರು, ‘ನನ್ನ ಮಗ ಸತ್ಯ ಹೇಳಿ ಕೆಲಸ ಬಿಟ್ಟ. ಒಂದು ಅಕ್ಷರಕ್ಕೋಸ್ಕರ.’ ಅವನು ಬೇಡ ಬೇಡ ಎನ್ನುತ್ತ ಪೂರ್ತಿ ಹೇಳಿಸಿಕೊಳ್ಳುತ್ತಿದ್ದ. ಕೊನೆಗೆ ಬಂದವರ ಕಣ್ಣು ಇವಳ ಕಡೆ ಹೊರಳಿದಾಗ ಮಾತ್ರ ತಾನೇ ಬಾಯಿ ಹಾಕುತ್ತಿದ್ದ, ‘ಪಾಪ, ಅವಳು ಹೆದರಿಬಿಟ್ಟಳು. ಹೊಸ ಕೆಲಸ, ಮೇಲಧಿಕಾರಿ. ನಾನು ಅವತ್ತೇ ಮನಸ್ಸಿನಿಂದ ತೆಗೆದುಹಾಕಿದೆ.’ ಈಗ ಹಾಸ್ಟೆಲಿನಲ್ಲಿರುವ ಮಗಳು ಶಾಲೆಯಲ್ಲಿ ‘ನನ್ನ ಮೆಚ್ಚಿನ ವ್ಯಕ್ತಿ’ ಎಂದು ಅಪ್ಪನ ಬಗ್ಗೆ ಪ್ರಬಂಧ ಬರೆದು ಬಹುಮಾನ ತಂದಿದ್ದಳು. ಅದರಲ್ಲಿ ‘ನನ್ನ ತಾಯಿ ಸ್ವಲ್ಪ ಅಂಜುಬುರುಕಿ’ ಎಂಬ ವಾಕ್ಯಕ್ಕೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದ್ದರು. ಅವನ ಮೇಲೆ ಸಿಟ್ಟು ಮಾಡಲು ಅವಳಿಗೆ ಯಾವ ಕಾರಣವೂ ಇರಲಿಲ್ಲ. ಕುಡಿಯಲಿಲ್ಲ, ಕೈ ಎತ್ತಲಿಲ್ಲ, ಅವಳ ಸಂಬಳದಲ್ಲಿ ಮನೆ ನಡೆಯುತ್ತದೆ ಎಂದು ಕುಗ್ಗಲೂ ಇಲ್ಲ. ಮುದ್ರಣಾಲಯದವರು ತಂದುಕೊಡುವ ಮಿಕ್ಸಿ, ಫ್ರಿಜ್ಜು, ನೀರು ಕಾಯಿಸುವ ಯಂತ್ರಗಳ ಕೈಪಿಡಿಗಳನ್ನು ಅನುವಾದಿಸುತ್ತ, ‘ಒದ್ದೆ ಕೈಯಲ್ಲಿ ಮುಟ್ಟಬೇಡಿ’ ಎಂಬ ವಾಕ್ಯವನ್ನು ಪ್ರತಿ ಬಾರಿಯೂ ಕವಿತೆಯಂತೆ ತಿದ್ದುತ್ತ ಕೂತಿದ್ದ. ಕ್ಷಮಿಸಿದವರ ಜೊತೆ ಒಂದೇ ಹಾಸಿಗೆಯಲ್ಲಿ ಮಲಗುವುದು ಎಷ್ಟು ಕಷ್ಟ ಎಂದು ಯಾರಿಗೆ ಹೇಳುವುದು.

ಬಾಗಿಲು ತೆರೆದೇ ಇತ್ತು. ಅವನು ಕಿಟಕಿಯ ಬೆಳಕಿಗೆ ಮೇಜು ಎಳೆದುಕೊಂಡು ಬರೆಯುತ್ತಿದ್ದ. ಚೀಲ ಇಳಿಸುತ್ತ ಅವಳು, ‘ಇವತ್ತು ದೌತಿ ಆಯ್ತು,’ ಎಂದಳು. ಅವನು ಪೆನ್ನು ಕೆಳಗಿಟ್ಟ. ‘ಏನಂತ?’ ‘ಅರಬ್ಬೀ ಅಂತ.’ ಅವನು ಕುರ್ಚಿಯನ್ನು ಅವಳ ಕಡೆ ತಿರುಗಿಸಿದ. ‘ಒಪ್ಪಿಕೊಂಡ್ರಾ? ಎಷ್ಟು ಹೊತ್ತು ಚರ್ಚೆ ಆಯ್ತು?’ ‘ಅರ್ಧ...’ ಎಂದು ಅವಳು ನಿಮಿಷ ಎಂಬುದನ್ನು ಬಾಯೊಳಗೇ ಉಳಿಸಿಕೊಂಡಳು. ‘ಅರ್ಧ ಗಂಟೆನಾ?’ ಎಂದ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅವನು ಎದ್ದು ಒಳಗಿನ ಕೋಣೆಯ ಕಡೆ ತಿರುಗಿ, ಅತ್ತೆಗೆ ಕೇಳುವಷ್ಟು ಜೋರಾಗಿ, ‘ಅಮ್ಮಾ, ಕೊನೆಗೂ ಒಪ್ಪಿಕೊಂಡ್ರಂತೆ. ಅರ್ಧ ಗಂಟೆ ವಾದ ಆಯಿತಂತೆ,’ ಎಂದ. ಒಳಗಿನಿಂದ, ‘ಸತ್ಯ ಎಲ್ಲಿಗೆ ಹೋಗತ್ತೆ ಮಗಾ, ಚಪ್ಪಲಿ ಹಾಕ್ಕೊಳ್ಳೋದು ತಡ ಆಗತ್ತೆ ಅಷ್ಟೇ,’ ಎಂದು ಉತ್ತರ ಬಂತು. ಅವನ ಮುಖ ಇಪ್ಪತ್ತು ವರ್ಷ ಚಿಕ್ಕದಾಗಿತ್ತು. ಇಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಈ ಸುಳ್ಳನ್ನು ಅವಳು ಸಾಯುವವರೆಗೆ ಹೊತ್ತುಕೊಂಡು ಹೋಗುತ್ತಿದ್ದಳು, ಹೊರುವ ಅಭ್ಯಾಸ ಇದ್ದೇ ಇತ್ತು. ಆದರೆ ಅವನು ಹತ್ತಿರ ಬಂದು ಅವಳ ಭುಜದ ಮೇಲೆ ಕೈಯಿಟ್ಟು ಕೇಳಿದ, ‘ನಾನು ಪತ್ತೆ ಮಾಡಿದ್ದು ಅಂತ ಹೇಳಿದೆಯಾ?’ ಅವಳು ಕೈಗಡಿಯಾರ ಬಿಚ್ಚತೊಡಗಿದಳು. ‘ಹೇಳದಿದ್ರೂ ಪರವಾಗಿಲ್ಲ. ನೀನು ಅವತ್ತು ಹೆದರಿದ್ದನ್ನ ನಾನು ಯಾವತ್ತೂ ತಪ್ಪು ಅಂತ ತಿಳ್ಕೊಂಡಿಲ್ಲ. ನಿನ್ನ ಜಾಗದಲ್ಲಿ ಯಾರಿದ್ರೂ...’

‘ನಾನು ಹೆದರಿರಲಿಲ್ಲ,’ ಎಂದಳು.

‘ಅಂದ್ರೆ?’

‘ಚೀಟಿ ನನ್ನ ಕೈಲೇ ಇತ್ತು. ರಿಜಿಸ್ಟರಲ್ಲಿ. ನೀವು ತಿರುಗಿ ನೋಡಿದಾಗ ನನ್ನ ಕೈ ಅದರ ಮೇಲೇ ಇತ್ತು.’

ಭುಜದ ಮೇಲಿನ ಕೈ ಹೋಯಿತು. ಅದು ಯಾವಾಗ ಹೋಯಿತು ಎಂದು ಅವಳಿಗೆ ಗೊತ್ತಾಗಲಿಲ್ಲ, ಭುಜ ತಣ್ಣಗಾದ ಮೇಲೆ ಗೊತ್ತಾಯಿತು. ‘ಮನೇಲಿ ಬಿಟ್ಟು ಬಂದಿದ್ದೆ ಅಂದಿದ್ದೆಯಲ್ಲ,’ ಎಂದ. ‘ಸುಳ್ಳು.’ ‘ಯಾಕೆ?’ ಈ ಪ್ರಶ್ನೆಗೆ ಹತ್ತೊಂಬತ್ತು ವರ್ಷದಲ್ಲಿ ಅವಳು ಎಂಥೆಂಥ ಉತ್ತರ ಕಟ್ಟಿಟ್ಟುಕೊಂಡಿದ್ದಳು, ಮನೆತನ, ಮಾನ, ಹೆಣ್ಣಿನ ಕಷ್ಟ. ಈಗ ಬಾಯಿಗೆ ಬಂದದ್ದು ಒಂದೇ. ‘ನೀವು “ನಾನು” ಅಂದ್ರಿ. ನಾನು ಪತ್ತೆ ಮಾಡಿದ್ದು ಅಂದ್ರಿ. ಒಂದು ನಿಮಿಷ ಬೆವರಲಿ ಅಂದ್ಕೊಂಡೆ.’ ಹೇಳಿದ ಮೇಲೆ ಅದು ಎಷ್ಟು ಚಿಕ್ಕದಾಗಿ ಕೇಳಿಸಿತೆಂದರೆ, ಮಕ್ಕಳು ಬಳಪಕ್ಕೆ ಜಗಳವಾಡಿದ ಹಾಗೆ. ಅವನು ಕಿಟಕಿಯ ಕಡೆ ತಿರುಗಿದ. ಅವಳು ಬೈಗುಳಕ್ಕೆ ಕಾದಳು. ಅವನು ನಿಜವಾಗಿಯೂ ನೆನಪಿಸಿಕೊಳ್ಳುತ್ತಿದ್ದ. ‘ನಾನು ಅಂದೆನಾ?’ ಎಂದ. ‘ಅಂದಿರಲಾರೆ. ನಾವು ಅಂದಿರಬೇಕು. ನಮಗೆ ಪತ್ತೆಯಾಗಿರೋ ಪ್ರಕಾರ ಅಂತ.’ ‘ನಾನು ಅಂದ್ರಿ.’ ‘ನಾವು ಅಂದೆ ಅಂತ ನನ್ನ ನೆನಪು.’ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಪಾಠಾಂತರ ಹೋಲಿಸುವವನ ದನಿ. ಒಳಗಿನಿಂದ ಅತ್ತೆ, ‘ಏನಂತೆ?’ ಎಂದು ಕೇಳಿದರು. ‘ಏನಿಲ್ಲಮ್ಮ. ಒಂದು ಪದದ ವಿಷಯ,’ ಎಂದು ಅವನು ಮತ್ತೆ ಕುರ್ಚಿಯಲ್ಲಿ ಕೂತು ಕೈಪಿಡಿಯ ಪುಟ ತಿರುಗಿಸಿದ. ಪುಟ ತಿರುಗಿಸಿದ, ಓದಲಿಲ್ಲ.

ಜಗಳವಾಗಲಿಲ್ಲ. ಅವಳು ಮೂರು ದಿನ ಅದಕ್ಕಾಗಿ ಕಾದಳು. ಮನೆಯಲ್ಲಿ ಎಲ್ಲ ಎಂದಿನಂತೆ ನಡೆಯಿತು, ಎಂದಿಗಿಂತ ಚೆನ್ನಾಗಿಯೇ ನಡೆಯಿತು. ಅವನು ತನ್ನ ತಟ್ಟೆ ತಾನೇ ತೊಳೆದಿಟ್ಟ, ನಲ್ಲಿಯ ವಾಷರ್ ಬದಲಿಸಿದ. ಅವಳಿಗೆ ನೇರವಾಗಿ ಹೇಳಬೇಕಾದ ಮಾತೇ ಬಾರದ ಹಾಗೆ ನೋಡಿಕೊಂಡ. ‘ಗ್ಯಾಸ್ ಮುಗಿದಿದೆ’ ಎಂದು ಗಾಳಿಗೆ ಹೇಳಿದ. ‘ಕೊಡೆ ಬೇಕಾಗಬಹುದು’ ಎಂದು ಬಾಗಿಲಿಗೆ ಹೇಳಿದ. ಕನ್ನಡದಲ್ಲಿ ಕರ್ತೃಪದವಿಲ್ಲದೆ ಇಷ್ಟೊಂದು ವಾಕ್ಯ ಕಟ್ಟಬಹುದು ಎಂದು ಅವಳು ಆ ಮೂರು ದಿನದಲ್ಲಿ ಕಲಿತಳು.

ನಾಲ್ಕನೆಯ ದಿನ ರಜೆ. ಬೆಳಿಗ್ಗೆ ಮುದ್ರಣಾಲಯದವರು ಹೊಸ ಕೈಪಿಡಿ ತಂದರು; ಗಡಿಬಿಡಿಯ ಮನುಷ್ಯ, ಕೂತ ಕೂಡಲೇ ಹೊರಡುವ ಮಾತಾಡುವವರು. ಅವರ ಜೊತೆ ಅವರ ಅಳಿಯನೂ ಬಂದಿದ್ದ, ಈ ಮನೆಗೆ ಹೊಸಬ. ಹೊಸ ಕಿವಿ ಕಂಡ ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದು ಮಂಚದ ಮೇಲೆ ಕೂತರು. ‘ನನ್ನ ಮಗ ಸತ್ಯ ಹೇಳಿ ಕೆಲಸ ಬಿಟ್ಟ,’ ಎಂದು ಶುರುಮಾಡಿದರು. ‘ಒಂದು ಅಕ್ಷರಕ್ಕೋಸ್ಕರ. ಈಗ ಅವರೇ ಅರ್ಧ ಗಂಟೆ ಕೂತು...’

‘ಅಮ್ಮ, ಸಾಕು,’ ಎಂದ ಅವನು. ಅಮ್ಮನ ಮುಂದೆ ಅವನು ಅಷ್ಟು ಮೆತ್ತಗೆ ಮಾತಾಡಿದ್ದೇ ಇಲ್ಲ. ಮುದುಕಿ ಬಾಯಿ ತೆರೆದುಕೊಂಡೇ ಮಗನನ್ನು ನೋಡಿದರು, ಆಮೇಲೆ ಸೊಸೆಯನ್ನು ನೋಡಿದರು. ಮುದ್ರಣಾಲಯದವರು ಅಳಿಯನಿಗೆ ಕೈಪಿಡಿಯ ಚಿತ್ರ ತೋರಿಸತೊಡಗಿದರು. ಅವಳು ತಟ್ಟೆಯಲ್ಲಿ ಚಹಾ ತಂದು ಬಂದವರಿಬ್ಬರಿಗೆ ಕೊಟ್ಟಳು, ಅತ್ತೆಗೆ ಕೊಟ್ಟಳು, ಅವನ ಮುಂದೆ ಇಟ್ಟಳು. ತಟ್ಟೆಯಲ್ಲಿ ಒಂದು ಲೋಟ ಉಳಿಯಿತು. ಅವಳು ಅಡುಗೆಮನೆಯ ಕಡೆ ತಿರುಗಿದಳು.

‘ನೀವೂ ಇಲ್ಲೇ ಕೂತ್ಕೊಳ್ಳಿ,’ ಎಂದ ಅವನು. ‘ಆರಿಹೋಗತ್ತೆ, ಕುಡೀರಿ.’

ಮುದ್ರಣಾಲಯದವರು ಕೂತೇ ಇದ್ದರು. ಅವರ ಅಳಿಯನೂ ಕೂತು ಅರ್ಧ ಲೋಟ ಮುಗಿಸಿದ್ದ. ಇನ್ನು ಯಾರಿಗೆ ಹೇಳಿದ್ದು ಎಂದು ಅವಳು ಒಮ್ಮೆ ಹಿಂದೆ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಕಿವಿ ಮಂದವಾದ ಅತ್ತೆಗೂ ಆ ‘ನೀವು’ ಸರಿಯಾಗಿಯೇ ಕೇಳಿಸಿತ್ತು. ಲೋಟ ಹಿಡಿದ ಕೈ ಅರ್ಧಕ್ಕೇ ನಿಂತಿತ್ತು. ಅವಳು, ‘ಆಗಲಿ,’ ಎಂದು ಹೇಳಿ, ಬಂದವರು ಕೂರುವ ಕುರ್ಚಿಗಳಲ್ಲಿ ಖಾಲಿ ಇದ್ದ ಒಂದನ್ನು ಎಳೆದುಕೊಂಡು ಕೂತಳು.